ತೌಡು ಕೊಟ್ಟು ಕೊಂಡ ಕೂಸು

ನನ್ನ ಜೀವಮಾನದಲ್ಲಿ ನಾನು ಒಂದು ಮಗುವನ್ನು ಕ್ರಯಕ್ಕೆ ಕೊಂಡಿದ್ದೇನೆ. ಗೋಧಿಯ ತೌಡು ಕೊಟ್ಟು, ಧಾರಾವಿಯ ಒಂದು ಗಲ್ಲಿಯಲ್ಲಿ, ಹಾಡಹಗಲೇ, ಅಕ್ಕಪಕ್ಕದ ಹೆಂಗಸರೆಲ್ಲ ಸಾಕ್ಷಿಗೆ ನಿಂತಿರುವಾಗ. ಇದನ್ನು ಹೇಳಿದರೆ ನನ್ನ ಹೆಣ್ಣುಮಕ್ಕಳು ಇವತ್ತಿಗೂ ಬಿದ್ದು ಬಿದ್ದು ನಗುತ್ತಾರೆ. ನಗಲಿ. ನನಗಂತೂ ನೆನೆದಾಗಲೆಲ್ಲ ಮೊದಲು ಮೈ ಜುಮ್ಮೆನ್ನುತ್ತದೆ, ನಗು ಬಂದರೆ ಆಮೇಲೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಘಾಟ್ಕೋಪರ್ ಸ್ಟೇಷನ್ನಿನ ಎದುರಿಗಿದ್ದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ನನ್ನ ಗಂಡ ಕೂರುತ್ತಿದ್ದರು. ಹೋಟೆಲಿನ ಹಿಂದಿನ ಚಾಳಿನಲ್ಲಿ ನಮ್ಮದೊಂದು ಖೋಲಿ. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ನಾನು ಮನೆಯಲ್ಲಿ ಕೂತು ಕೂತು, ಮೊದಲೇ ಮೂಗಿನ ತುದಿಯಲ್ಲಿದ್ದ ಸಿಟ್ಟು ಇನ್ನಷ್ಟು ಮುಂದೆ ಬಂದಿತ್ತು. ಹೋಟೆಲಿಗೆ ಕಾಫಿಗೆ ಬರುತ್ತಿದ್ದ ಡಾಕ್ಟರಮ್ಮ ಒಬ್ಬರು ಧಾರಾವಿಯಲ್ಲಿ ಬಸುರಿ-ಬಾಣಂತಿಯರಿಗಾಗಿ ಒಂದು ಸಣ್ಣ ಕೇಂದ್ರ ನಡೆಸುತ್ತಿದ್ದರು. ಗುಲ್ಬರ್ಗದ ಕಡೆಯಿಂದ ಬಂದ ಮನೆಗಳು ಅಲ್ಲಿ ತುಂಬ ಇವೆ, ಮನೆಮನೆಗೆ ಹೋಗಿ ಮಾತಾಡಲು ಕನ್ನಡ ಬಲ್ಲ ಹೆಂಗಸೊಬ್ಬಳು ಬೇಕು ಎಂದು ಅವರು ಒಂದು ದಿನ ಗಲ್ಲಾದ ಮುಂದೆ ನಿಂತು ಹೇಳಿದರಂತೆ. "ನಮ್ಮವಳನ್ನೇ ಕರಕೊಂಡು ಹೋಗಿ ಡಾಕ್ಟ್ರೇ, ಮಾತಾಡಲಿಕ್ಕೆ ಜನ ಸಿಕ್ಕದೆ ಅವಳು ನನ್ನನ್ನೇ ಅರೀತಾ ಇದ್ದಾಳೆ" ಎಂದು ನನ್ನ ಗಂಡ ತಮಾಷೆ ಮಾಡಿದರು. ನಾನು ತಮಾಷೆ ಎಂದು ಬಿಡಲಿಲ್ಲ. ಮರುದಿನವೇ ಲೋಕಲ್ ಹಿಡಿದು ಧಾರಾವಿಯ ಪಕ್ಕದ ಸಾಯನ್‌ನಲ್ಲಿ ಇಳಿದೆ.

ಕೇಂದ್ರವೆಂದರೆ ತಗಡಿನ ಮಾಡಿನ ಒಂದು ಕೋಣೆ. ನಾವು ಕೆಲಸಕ್ಕೆ ಸೇರಿದವರು ಕಾಲುಮಡಚಿ ವೃತ್ತವಾಗಿ ಕೂರುತ್ತಿದ್ದೆವು. ತಮಿಳರು, ಮರಾಠಿಯವರು, ಉತ್ತರದ ಕಡೆಯವರು, ಹೆಚ್ಚಿನವರು ಧಾರಾವಿಯಲ್ಲೇ ಸಂಸಾರ ಮಾಡುವವರು. ಪಾಠಕ್ಕೆ ಒಂದು ಬೊಂಬೆ ಇತ್ತು. ಹಳೆಯ ದಿಂಬಿನ ಬಟ್ಟೆಯಲ್ಲಿ ಹೊಲಿದದ್ದು. ಅದರ ಹೊಕ್ಕುಳಬಳ್ಳಿ ಒಂದು ಲಂಗದ ಲಾಡಿ. ಆ ಬೊಂಬೆಯನ್ನು ಒಬ್ಬರ ಮಡಿಲಿನಿಂದ ಒಬ್ಬರ ಮಡಿಲಿಗೆ ದಾಟಿಸುತ್ತ, ನಿಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಏನು ಮಾಡುತ್ತೀರಿ ಎಂದು ಡಾಕ್ಟರಮ್ಮ ಕೇಳುತ್ತಿದ್ದರು. ಒಬ್ಬಳು ಜೇನು ನೆಕ್ಕಿಸುತ್ತೇವೆ ಎನ್ನುವಳು. ಇನ್ನೊಬ್ಬಳು ಹೊಕ್ಕುಳಿಗೆ ಬೂದಿ ಎನ್ನುವಳು. ಮೊದಲ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತೇವೆ ಎಂದವಳು ನಾನೇ. ನಮ್ಮೂರಲ್ಲೂ ಹಾಗೇ ಮಾಡುತ್ತಿದ್ದರು. ಯಾವುದು ಇರಲಿ, ಯಾವುದು ಬೇಡ, ಬೇಡವಾದರೆ ಏಕೆ ಬೇಡ ಎಂದು ಮಧ್ಯಾಹ್ನದವರೆಗೆ ಜಗಳವಾಡುತ್ತಿದ್ದೆವು. ಅಂಥ ಜಗಳವೆಂದರೆ ನನಗೆ ಹಬ್ಬ.

ಕಲಿತದ್ದು ದೊಡ್ಡ ವಿದ್ಯೆಯ ಹಾಗೆ ಕಾಣುತ್ತಲೇ ಇರಲಿಲ್ಲ. ಅದೇ ನನ್ನನ್ನು ಬೆರಗುಗೊಳಿಸಿದ್ದು. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಕೂಸಿನ ಹೊಟ್ಟೆ ಮುಟ್ಟಬೇಕು, ಆಮೇಲೆ ಅಂಗಾಲು ಮುಟ್ಟಬೇಕು. ಎರಡೂ ಬೆಚ್ಚಗಿದ್ದರೆ ಕೂಸು ಸುಖವಾಗಿದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಒಳಗಿನ ಶಾಖ ಕರಗತೊಡಗಿದೆ, ಎದೆಗೆ ಅಪ್ಪಿಕೊಳ್ಳಿ. ಎರಡೂ ತಣ್ಣಗಿದ್ದರೆ ಆಸ್ಪತ್ರೆಗೆ ಓಡಿ. ಇಷ್ಟೇ. ಪಾತ್ರೆ ತಿಕ್ಕಿ ತಿಕ್ಕಿ ಅಂಗೈ ದಡ್ಡುಗಟ್ಟಿದ ಹೆಂಗಸರ ಕೈಗಳಲ್ಲಿ ಹಿಂಬದಿಯಾದರೂ ಮೃದುವಾಗಿ ಉಳಿದಿರುತ್ತದಲ್ಲ, ಯಾರೋ ಅದನ್ನು ಗಮನಿಸಿದ್ದರಲ್ಲ ಎಂದು ನನಗೆ ಆಶ್ಚರ್ಯ. ಮೊದಲ ವಾರ ನಾನು ಮನೆಗೆ ಬಂದು ನಿದ್ದೆಹೋಗಿದ್ದ ನನ್ನ ದೊಡ್ಡ ದೊಡ್ಡ ಮಕ್ಕಳ ಅಂಗಾಲನ್ನೂ ಹಾಗೆ ಮುಟ್ಟಿ ನೋಡಿದ್ದೇನೆ.

ನಾನು ಕೊಂಡ ಕೂಸು ಹುಟ್ಟಿದ್ದು ಒಂದು ಶ್ರಾವಣದಲ್ಲಿ. ತೊಗಲಿನ ಬ್ಯಾಗು ಹೊಲಿಯುವ ಕಾರ್ಖಾನೆಗಳ ಸಾಲಿನ ಹಿಂದೆ ಒಂದು ಮನೆ. ಗಂಡ ಆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ. ಮನೆಯ ಯಜಮಾನಿಕೆಯೆಲ್ಲ ಅವನ ತಾಯಿಯದು. ಎತ್ತರದ ಹೆಂಗಸು, ಹಣೆಯ ಮೇಲೆ ಹಸಿರು ಹಚ್ಚೆ, ಗುಲ್ಬರ್ಗದ ಆಚೆಗಿನ ಯಾವುದೋ ಹಳ್ಳಿಯವಳು. ನಾನು ಅವಳನ್ನು ಅಜ್ಜಿ ಎನ್ನುತ್ತಿದ್ದೆ, ಅವಳು ನನ್ನನ್ನು, ಅಮ್ಮಾವ್ರೇ ಎನ್ನುವ ಹಾಗೆ, ಬಾಯಾರ ಎನ್ನುತ್ತಿದ್ದಳು. ಸೊಸೆಗೆ ದಿನ ತುಂಬುವ ಮೊದಲೇ ಬೇನೆ ಬಂದಿತ್ತು. ಅಜ್ಜಿಯೇ ಮನೆಯಲ್ಲಿ ಹೆರಿಗೆ ಮಾಡಿಸಿದ್ದಳು. ಬ್ಲೇಡನ್ನೂ ದಾರವನ್ನೂ ಕುದಿಸಿಯೇ ಬಳಸಿದ್ದಳು. ಸೊಸೆ ಬಸುರಿಯಿದ್ದಾಗ ನಾನೇ ಹೋಗಿ ಅವನ್ನು ಕೊಟ್ಟು, ಕುದಿಸಲು ಹೇಳಿ ಬಂದಿದ್ದೆ. ಹಾಗಾಗಿ ಸುದ್ದಿ ತಿಳಿದು ಮರುದಿನ ಬೆಳಿಗ್ಗೆ ಹೋದಾಗ ನಾನು ತುಸು ಬೀಗಿಕೊಂಡೇ ಹೊಸ್ತಿಲು ದಾಟಿದೆ.

ಒಳಗೆ ಕಂಡದ್ದು ನನ್ನ ಉಬ್ಬನ್ನೆಲ್ಲ ಇಳಿಸಿತು. ಕೂಸು ಹಿಡಿಯಷ್ಟಿತ್ತು. ಚರ್ಮ ತೆಳ್ಳಗೆ, ಕಿವಿ ಮೆತ್ತಗೆ, ಅಳುವುದಕ್ಕೂ ತ್ರಾಣವಿಲ್ಲ. ಗಂಡು. ಹೊಟ್ಟೆ ಇನ್ನೂ ಬೆಚ್ಚಗಿತ್ತು, ಅಂಗಾಲು ಮುಟ್ಟಿದರೆ ತಣ್ಣಗಿತ್ತು. ಒಲೆಯ ಮೇಲೆ ಅವನ ಸ್ನಾನಕ್ಕೆ ನೀರು ಕಾಯುತ್ತಿತ್ತು, ಪಕ್ಕದಲ್ಲಿ ಜೇನಿನ ಬಟ್ಟಲು. ಸೊಸೆ ಇಪ್ಪತ್ತೂ ದಾಟಿರದ ಹುಡುಗಿ. ಕೂಸಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು.

ನಾನು ಚೀಲದಿಂದ ತಕ್ಕಡಿ ತೆಗೆದೆ. ಕೊಕ್ಕೆಗೆ ಬಟ್ಟೆಯ ಜೋಳಿಗೆ ಕಟ್ಟಿ ಕೂಸನ್ನು ತೂಗುವ ಸ್ಪ್ರಿಂಗಿನ ತಕ್ಕಡಿ ಅದು. ಅಜ್ಜಿ ಅಡ್ಡ ನಿಂತಳು.

"ಉಳ್ಳಾಗಡ್ಡಿ ಏನ್ರಿ ತಕ್ಕಡ್ಯಾಗ ಹಾಕ್ಲಿಕ್ಕ? ಮನಷ್ಯಾರ ಕೂಸದ."

"ತೂಕ ಗೊತ್ತಾಗ್ಬೇಕು ಅಜ್ಜಿ. ಕೂಸು ತುಂಬ ಸಣ್ಣ ಉಂಟು. ಆ ನೀರು ಇಳಿಸಿ, ಈಗ ಸ್ನಾನ ಬೇಡ. ಜೇನು ಬೇಡ. ತಾಯಿಯ ಎದೆಗೆ ಕಟ್ಟಿ ಇದನ್ನು."

"ಬ್ಯಾಡ, ಬ್ಯಾಡ, ಬ್ಯಾಡ" ಎಂದು ಅಜ್ಜಿ ನನ್ನನ್ನೇ ಅಣಕಿಸಿದಳು. ನನ್ನ ದನಿ ಏರಿತು, ಅವಳದ್ದೂ ಏರಿತು, ಗಲ್ಲಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಆಗ ಅಜ್ಜಿ ದನಿ ತಗ್ಗಿಸಿ ಹೇಳಿದ ಮಾತು ನನಗೆ ನೆನಪಿದೆ.

"ಇದು ಮೂರನೇದ್ದು ಬಾಯಾರ. ಮೊದಲಿಂದು ಊರಾಗ ಹಡದಳು. ನಮ್ಮ ಪದ್ಧತಿ ಪರಕಾರ ಎಲ್ಲಾ ಮಾಡಿದ್ವಿ, ಕೂಸು ಹೋತು. ಎರಡನೇದ್ದು ದವಾಖಾನ್ಯಾಗ ಹಡದಳು. ನಿಮ್ಮ ಪದ್ಧತಿ ಪರಕಾರ ಎಲ್ಲಾ ಮಾಡಿದ್ರು, ಅದೂ ಹೋತು. ಈಗ ನಾ ಯಾರ ಮಾತ ಕೇಳ್ಲಿ? ನೀವೇ ಹೇಳ್ರಿ."

ಗೋಡೆಯ ಕಡೆ ತಿರುಗಿದ್ದ ಸೊಸೆಯ ಬೆನ್ನು ತೋರಿಸಿ, ಎದೆಯಲ್ಲಿ ಹಾಲಿದೆಯೇ ಎಂದು ಕೇಳಿದೆ.

"ಹಾಲದ. ಆದ್ರ ಆಕಿ ಕೂಸಿನ ಮಾರಿ ನೋಡಂಗಿಲ್ರಿ. ನೋಡಿದ್ರ ಮಾಯಾ ಹತ್ತತದಂತ ಅಂಜ್ಯಾಳ."

ಮುಖ ನೋಡಿದರೆ ಮೋಹ ಹುಟ್ಟುತ್ತದೆ, ಮೋಹ ಹುಟ್ಟಿದ ಮೇಲೆ ಇದೂ ಹೋದರೆ ತಾನು ಉಳಿಯುವುದಿಲ್ಲ. ಹುಡುಗಿಯ ಲೆಕ್ಕ ಅದು. ಆ ಮಾತು ಕೇಳಿದ ಮೇಲೆ ನನಗೆ ಕೂಸಿನ ತೂಕಕ್ಕಿಂತ ಆ ಬೆನ್ನಿನ ಭಯ ಹೆಚ್ಚಾಯಿತು. ಇಷ್ಟು ಸಣ್ಣ ಕೂಸು ಉಳಿಯಬೇಕಾದರೆ ಅದಕ್ಕೆ ತಾಯಿಯ ಮೈಯೇ ಮನೆ. ಔಷಧಿ ಇಲ್ಲ, ಯಂತ್ರ ಇಲ್ಲ, ನಮ್ಮ ಚೀಲದಲ್ಲಿ ಅದಕ್ಕೆ ಬದಲಿ ಏನೂ ಇಲ್ಲ. ಆ ಮನೆಯೇ ಬಾಗಿಲು ಹಾಕಿಕೊಂಡು ಮಲಗಿತ್ತು.

ಅಜ್ಜಿ ಒಂದಷ್ಟು ಹೊತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮದುವೆಯ ಹೆಣ್ಣು ನೋಡುವವರೂ ಹಾಗೆ ನೋಡುವುದಿಲ್ಲ.

"ಬಾಯಾರ, ನಿಮಗ ಎಷ್ಟು ಮಕ್ಕಳು?"

"ಇಬ್ಬರು."

"ಹಡದಿದ್ದೆಲ್ಲಾ ಉಳದಾವೇನ್ರಿ?"

"ಹೌದು ಅಜ್ಜಿ, ಎರಡೂ ಉಂಟು."

"ನೀವು ನಮ್ಮ ಪೈಕಿ ಅಲ್ಲ, ನಮ್ಮ ಸೀಮಿಯವರೂ ಅಲ್ಲ. ಬಾಯಿನೂ ಜೋರದ, ಒಯ್ಲಿಕ್ಕ ಬಂದಾವ ಅಂಜಿ ಹೊಳ್ಳಿ ಹೋಗ್ತಾನ. ಈ ಕೂಸ ನೀವು ತಗೋರಿ."

ನನಗೆ ದಿಕ್ಕು ತೋಚಲಿಲ್ಲ. ಬಾಗಿಲಲ್ಲಿ ನಿಂತವರು ಮಾತ್ರ ಇದು ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಅವರ ಕಡೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ಮರದಲ್ಲಿ, ಅಂದರೆ ಕೇರುವ ಮೊರದಲ್ಲಿ, ಮಲಗಿಸಿ ಕಸದ ಹಾಗೆ ಮನೆಯಿಂದ ಹೊರಗೆ ನೂಕುತ್ತಾರೆ. ಮಕ್ಕಳು ಉಳಿದಿರುವ ಹೊರಗಿನ ಹೆಂಗಸೊಬ್ಬಳು ತೌಡು ಕೊಟ್ಟು ಅದನ್ನು ಕೊಳ್ಳಬೇಕು. ಆಮೇಲೆ ಕೂಸು ಅವಳದು. ಬೆಳೆಯುವುದು ಇದೇ ಮನೆಯಲ್ಲಿ, ಆದರೆ ಮಂದಿಯ ಕೂಸಾಗಿ. ಹೆಸರಿಡುವಂತಿಲ್ಲ, ನಮ್ಮದು ಎನ್ನುವಂತಿಲ್ಲ. "ಈ ಮನಿದು ಅಂದ್ರ ಒಯ್ತಾನ. ಮಂದೀದು ಅಂದ್ರ ಕೈ ಹಚ್ಚಂಗಿಲ್ಲ" ಎಂದು ಅಜ್ಜಿ ಕಾಯಿದೆ ಹೇಳುವವಳ ಹಾಗೆ ಹೇಳಿದಳು.

ನಾನು ಕೇಂದ್ರಕ್ಕೆ ಓಡಿ ಡಾಕ್ಟರಮ್ಮನಿಗೆ ಹೇಳಿದೆ. ಅವರು ನಗಲೂ ಇಲ್ಲ, ಹುಬ್ಬೇರಿಸಲೂ ಇಲ್ಲ. "ಕೊಂಡುಕೊಳ್ಳಿ. ಕೊಂಡ ಮೇಲೆ ಚೆನ್ನಾಗಿ ನೋಡಿಕೊಳ್ಳಿ" ಅಂದರು. ಇನ್ನು ತೌಡು. ಧಾರಾವಿಯ ಹಿಟ್ಟಿನ ಗಿರಣಿಗೆ ಹೋಗಿ ಕೇಳಿದರೆ ಮೈಯೆಲ್ಲ ಬೆಳ್ಳಗಾಗಿದ್ದ ಗಿರಣಿಯವನು, "ಗಾಯ್ ಪಾಲೀ ಹೈ ಕ್ಯಾ, ಬಾಯಿ?" ಎಂದ. ಆಕಳು ಸಾಕಿಲ್ಲಪ್ಪ, ಮಗು ಕೊಳ್ಳಲಿಕ್ಕೆ ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ಕಾಗದದ ಪೊಟ್ಟಣ ಕಟ್ಟಿ ಕೈಗಿಟ್ಟ.

ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅಜ್ಜಿ ಮರದಲ್ಲಿ ಹಳೆಯ ಸೀರೆ ಹಾಸಿ, ಕೂಸನ್ನು ಮಲಗಿಸಿ, ಅದರ ಮೇಲೆ ಇನ್ನೊಂದು ಬಟ್ಟೆ ಬೆಚ್ಚಗೆ ಹೊದಿಸಿ, ಮರವನ್ನು ಕಾಲಿನಿಂದ ಮೆಲ್ಲಗೆ ಹೊಸ್ತಿಲಾಚೆ ನೂಕಿದಳು. "ಕಸಾ ಅದ, ಯಾರರ ಒಯ್ಯಿರಿ!" ಎಂದು ಗಟ್ಟಿಯಾಗಿ ಕೂಗಿದಳು. ಮೇಲೆ ಇರುವವನಿಗೂ ಕೇಳಿಸಲಿ ಎಂಬಷ್ಟು ಗಟ್ಟಿ. ಕೂಗುವಾಗ ಮರದ ಕಡೆ ಕಣ್ಣು ತಿರುಗಿಸಲೇ ಇಲ್ಲ. ನಾನು ಅವಳ ಉಡಿಗೆ ತೌಡು ಸುರಿದೆ, ಬಗ್ಗಿ ಕೂಸನ್ನು ಎತ್ತಿಕೊಂಡೆ. ಎಷ್ಟೋ ಮನೆಗಳಲ್ಲಿ ಎಷ್ಟೋ ಕೂಸುಗಳನ್ನು ಎತ್ತಿದ್ದೆ. ಇದು ನನ್ನದು ಎಂದು ಹತ್ತು ಜನರ ಮುಂದೆ ಎತ್ತಿದಾಗ ಕೈಗೆ ಬೇರೆಯೇ ಭಾರ ಬಂತು. ಆಟವೆಂದುಕೊಂಡು ಬಂದಿದ್ದೆ, ಎತ್ತಿದ ಮೇಲೆ ಅದು ಆಟವಾಗಿರಲಿಲ್ಲ.

"ಹೇಳ್ರಿ ಮಾಲಕೀನ್" ಎಂದಳು ಅಜ್ಜಿ, ಕೈಕಟ್ಟಿ ನಿಂತು. "ನಿಮ್ಮ ಕೂಸು, ನಿಮ್ಮ ಹುಕುಂ."

ಹುಕುಂ ಕೊಡುವುದೆಂದರೆ ನನಗೆ ಹೇಳಿಕೊಡಬೇಕೇ! ಸ್ನಾನ ಬೇಡ, ಒರೆಸಿದರೆ ಸಾಕು ಎಂದೆ. ಹಾಲಲ್ಲದೆ ಬೇರೇನೂ ಬಾಯಿಗೆ ಹೋಗಕೂಡದು. ಎಳೆಯಲು ಆಗದಿದ್ದರೆ ಎದೆಯಿಂದ ಹಿಂಡಿ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಕುಡಿಸಬೇಕು. ಅವರ ಮನೆಯಲ್ಲೇ ಒಂದು ಹಿತ್ತಾಳೆಯ ಒಳಲೆ ಇತ್ತು, ಅದನ್ನು ಕುದಿಸಿ ಇಡಲು ಹೇಳಿದೆ. ಕೂಸಿನ ಬರಿಮೈ ತಾಯಿಯ ಬರಿ ಎದೆಗೆ ತಾಗಿರಬೇಕು, ಮೇಲೆ ಸೀರೆ ಸುತ್ತಿ ಕಟ್ಟಿರಬೇಕು, ಹಗಲೂ ರಾತ್ರಿ. ಅಂಗಾಲು ತಣ್ಣಗಾದರೆ, ಹಾಲು ಎಳೆಯದೆ ಹೋದರೆ ತಡಮಾಡದೆ ನನ್ನ ಹತ್ತಿರ ತರಬೇಕು. ಅಜ್ಜಿ ಎಲ್ಲಕ್ಕೂ ಹೂಂ ಎಂದಳು. ತಕ್ಕಡಿ ತೆಗೆದಾಗ, "ನಿಮ್ಮ ಮಾಲು ನೀವು ತೂಗ್ರಿ, ನಮಗೇನು" ಎಂದು ಮುಖ ತಿರುಗಿಸಿದಳು. ಮುಳ್ಳು ಕೆಂಪು ಪಟ್ಟಿಯಿಂದ, ಅಂದರೆ ತೂಕ ತೀರ ಕಡಿಮೆ ಎನ್ನುವ ಗುರುತಿನಿಂದ, ಮೇಲೇಳಲಿಲ್ಲ.

ಮಾತು ಕೊಡುವವರನ್ನು ನಾನು ಬಹಳ ಜನ ನೋಡಿದ್ದೇನೆ. ಕೊಟ್ಟ ಮಾತನ್ನು ಆ ಅಜ್ಜಿ ನಡೆಸಿದ ಹಾಗೆ ನಡೆಸಿದವರನ್ನು ಕಂಡಿಲ್ಲ. ಹೊಕ್ಕುಳಿಗೆ ಚಿಟಿಕೆ ಬೂದಿ ಸಹ ತಾಗಿಸಲಿಲ್ಲ. ನೋಡಲು ಬಂದ ನೆಂಟರು ಕೂಸಿಗೆ ಕೈಚಾಚಿದರೆ, "ಮಂದಿ ಕೂಸದ, ಮುಟ್ಟಬ್ಯಾಡ್ರಿ" ಎಂದು ಅಟ್ಟುತ್ತಿದ್ದಳು. ನಾನು ಹೋದಾಗಲೆಲ್ಲ ಒಂದೊಂದು ಅಪ್ಪಣೆ ಕೇಳುವಳು: ಕರಿದಾರ ಕಟ್ಟಲೇ, ಕಾಡಿಗೆ ಹಚ್ಚಲೇ? ಕರಿದಾರ ಕಟ್ಟಿ ಎಂದೆ. ಕಾಡಿಗೆ ಕಣ್ಣಿಗೆ ಬೇಡ, ಅಂಗಾಲಿಗೆ ಬೊಟ್ಟಿಡಿ ಎಂದೆ. ಕೂಸನ್ನು ತಾನೊಮ್ಮೆಯೂ ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ತನ್ನದಾಗಿಬಿಡುತ್ತದೆ ಎಂಬ ಭಯ. ದೂರದಲ್ಲಿ ಕೂತು, ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ನೋಡುತ್ತಿದ್ದಳು. ಎಂಥ ಮನಸ್ಸದು ಎಂದು ನಾನು ಲೋಕಲಿನಲ್ಲಿ ಕೂತು ಯೋಚಿಸುತ್ತಿದ್ದೆ. ಮೊಮ್ಮಗ ಬದುಕಲಿ ಎಂದು ಮೊಮ್ಮಗನನ್ನೇ ಬಿಟ್ಟುಕೊಟ್ಟ ಮನಸ್ಸು.

ಸೊಸೆಗೂ ಅವಳು ಒಂದು ಮಾತು ಹೇಳಿಟ್ಟಿದ್ದಳು. "ನಿಂದಲ್ಲ ಇದು. ನೀ ಸುಮ್ನ ಹಾಲ ಕುಡಸಾಕಿ. ಕೂಸು ಬಾಯಾರ್ದು." ಇದರಿಂದ ಏನಾಯಿತೆಂಬುದು ನಮ್ಮ ಯಾವ ಪಾಠದಲ್ಲೂ ಇರಲಿಲ್ಲ. ತನ್ನದಲ್ಲ ಎಂದ ಕೂಡಲೇ ಆ ಹುಡುಗಿಗೆ ಭಯ ಬಿಟ್ಟಿತು. ಮಂದಿಯ ಕೂಸಿಗೆ ಹಾಲು ಕುಡಿಸಲು ಏನು ಅಂಜಿಕೆ? ಗೋಡೆಯಿಂದ ಈ ಕಡೆ ಹೊರಳಿದಳು. ಕೂಸನ್ನು ಎದೆಗೆ ಕಟ್ಟಿಸಿಕೊಂಡಳು, ಕಟ್ಟಿಕೊಂಡೇ ಅಕ್ಕಿ ಆರಿಸಿದಳು, ಕಟ್ಟಿಕೊಂಡೇ ಒರಗಿ ನಿದ್ದೆ ಮಾಡಿದಳು. ಮುಖ ಮಾತ್ರ ನೋಡಲಿಲ್ಲ. ಹಾಲು ಕುಡಿಸುವಾಗ ಕಣ್ಣು ಬಾಗಿಲಾಚೆ ಎಲ್ಲೋ ಇರುತ್ತಿತ್ತು. ನನ್ನೊಡನೆ ಮಾತೂ ಇಲ್ಲ. ಆದರೂ ಮುಳ್ಳು ಕೆಂಪಿನಲ್ಲೇ ಕೂದಲೆಳೆಯಷ್ಟು ಸರಿದಿತ್ತು. ಆ ಕೂದಲೆಳೆಗೆ ನಾನು ಎಷ್ಟು ಹಿಗ್ಗಿದೆನೆಂದರೆ ಮನೆಗೆ ಬಂದು ಪಾಯಸ ಮಾಡಿದೆ. ಏನು ವಿಶೇಷ ಎಂದರು ನನ್ನ ಗಂಡ. ನನ್ನ ಮಗ ತೂಕ ಹಾಕಿದ್ದಾನೆ ಎಂದೆ.

ಆಮೇಲೆ ಆ ಮಳೆಯ ದಿನ ಬಂತು. ಮುಂಬಯಿಯಲ್ಲಿ ಇದ್ದವರಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ನಾನು ಘಾಟ್ಕೋಪರ್ ಸ್ಟೇಷನ್ನಿಗೆ ಹೋದಾಗ ಲೋಕಲ್‌ಗಳು ನಿಂತಿದ್ದವು, ಕುರ್ಲಾ-ಸಾಯನ್ ನಡುವೆ ಹಳಿಯ ಮೇಲೆ ನೀರು. ಬಸ್ಸೂ ಇಲ್ಲ. ಕಾದು ಕಾದು, ರೈಲ್ವೆಗೂ ಮಳೆಗೂ ಸರಿಯಾಗಿ ಬೈದು ಮನೆಗೆ ಮರಳಿದೆ. ಮಧ್ಯಾಹ್ನ ಕಳೆದು, ಹೋಟೆಲಿನಲ್ಲಿ ಚಹಾದ ಹೊತ್ತಿನ ಗದ್ದಲ ಶುರುವಾಗುವ ಸಮಯ. ಚಾಳಿನ ಗ್ಯಾಲರಿಯಲ್ಲಿ ನನ್ನ ಗಂಡನ ದನಿ ಕೇಳಿತು. "ನೋಡು, ನಿನ್ನನ್ನು ಹುಡುಕಿಕೊಂಡು ಬಂದಿದ್ದಾರೆ."

ಬಾಗಿಲಲ್ಲಿ ಅಜ್ಜಿ, ಅವಳ ಹಿಂದೆ ಸೊಸೆ. ಅಜ್ಜಿಯ ಸೀರೆ ತೊಡೆಯವರೆಗೆ ಕೆಸರು. ಸೊಸೆಯ ಮೈಗೆ ತಲೆಯಿಂದ ಮೊಣಕಾಲವರೆಗೆ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ ಸುತ್ತಿತ್ತು. ಹಳೆಯ ಪ್ಲಾಸ್ಟಿಕ್ ತೊಳೆದು ಮಾರುವ ನೆರೆಯವರಿಂದ ಕೇಳಿ ಪಡೆದದ್ದಂತೆ. ಅದರೊಳಗೆ ಎದೆಯ ಬಳಿ ಉಬ್ಬು.

"ನಿಮ್ಮ ಕೂಸ ತಂದೀವಿ ನೋಡ್ರಿ" ಅಂದಳು ಅಜ್ಜಿ, ಏದುಸಿರು ಬಿಡುತ್ತ. "ಮಾಳಗಿ ಸೋರ್ತು ಅಂತ ಆಕಿ ಕೂಸಿನ ಇಳಿಸಿ ಎದ್ದಿದ್ಳು. ಮುಂಜಾನಿ ನೋಡಿದ್ರ ಕಾಲು ತಣ್ಣಗ. ಹಾಲೂ ಎಳೀಲಿಲ್ಲ. ಮತ್ತ ಎದಿಗಿ ಕಟ್ಟಿದ್ವಿ. ನಿಮ್ಮ ಕೇಂದ್ರಕ್ಕ ಹೋದ್ರ ಒಳಗ ನೀರು, ಬಾಗಲಿಗಿ ಕೀಲಿ. ಹಂಗಾದ್ರ ನಿಮ್ಮ ಹಂತೇಲಿ ತರಬೇಕಂತ ಹೇಳಿದ್ರಿ."

ನಡೆದು ಬಂದಿದ್ದರು. ಧಾರಾವಿಯಿಂದ ಘಾಟ್ಕೋಪರಿಗೆ. ರೈಲು ನಿಂತಾಗ ಊರವರೆಲ್ಲ ಮಾಡುವಂತೆ ಹಳಿಗುಂಟ, ನೀರಿರುವಲ್ಲಿ ನೀರಿನಲ್ಲಿ. ನಾನು ಹಿಂದೊಮ್ಮೆ ಹೇಳಿದ್ದನ್ನು ನೆನಪಿಟ್ಟು, ಘಾಟ್ಕೋಪರಿಗೆ ಬಂದು ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲ್ ಯಾವುದು ಎಂದು ಕೇಳಿ, ಗಲ್ಲಾದ ಮುಂದೆ ನಿಂತಿದ್ದರು. ಭಯವಾದಾಗಲೂ ನನಗೆ ಬರುವುದು ಸಿಟ್ಟೇ.

"ನಿಮಗೆ ತಲೆ ಸರಿ ಉಂಟಾ ಅಜ್ಜಿ? ಅಲ್ಲೇ ದೊಡ್ಡ ಆಸ್ಪತ್ರೆ ಇಲ್ವಾ? ಅದರ ಎದುರೇ ಹಾದು ಬಂದಿದ್ದೀರಿ! ಕೂಸು ತಣ್ಣಗಾಗಿ ಹಾಲು ಬಿಟ್ರೆ ಸೀದಾ ಒಳಗೆ ಹೋಗ್ಬೇಕಲ್ವಾ?"

"ಹೋಗಿದ್ವಿ ಬಾಯಾರ. ಗೇಟಿನ ತನಕಾ ಹೋಗಿದ್ವಿ." ಅಜ್ಜಿ ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ಕುಸಿದು ಕೂತಳು. "ಒಳಗ ಹೋದ ಕೂಡ್ಲೆ ಯಾರ ಕೂಸು ಅಂತ ಕೇಳ್ತಾರ. ನಮ್ಮದು ಅನಬೇಕಾಗ್ತದ. ಹ್ಯಾಂಗ ಅನ್ಲಿ? ಅಂದ್ಬಿಟ್ರ ಹೋಗ್ತದಲ್ರಿ ಅದು."

ಆಸ್ಪತ್ರೆಯ ಗೇಟಿನಲ್ಲಿ, ಮಳೆಯಲ್ಲಿ ನಿಂತು, ನಮ್ಮದು ಎಂಬ ಒಂದು ಶಬ್ದಕ್ಕೆ ಹೆದರಿ ಹಿಂತಿರುಗಿದ್ದಳು. ತಪ್ಪೇ ಅದು. ಪ್ರಾಣಕ್ಕೇ ಎರವಾಗಬಹುದಾಗಿದ್ದ ತಪ್ಪು. ಆದರೆ ಆ ವಯಸ್ಸಿನಲ್ಲಿ, ಆ ನೀರಿನಲ್ಲಿ, ಬಾಯಿಗೆ ಬಂದ ಪ್ರೀತಿಯನ್ನು ನುಂಗಿಕೊಂಡು ನಡೆದು ಬಂದವಳನ್ನು ನಾನು ಏನೆಂದು ಬೈಯಲಿ?

"ಕೊಡು ಮಾರಾಯ್ತಿ, ಇಲ್ಲಿ ಕೊಡು, ನೋಡ್ತೇನೆ" ಎಂದು ನಾನು ಸೊಸೆಯ ಕಡೆ ಎರಡೂ ಕೈ ಚಾಚಿದೆ. ಬೆಚ್ಚಗಿನ ಬಟ್ಟೆಯಲ್ಲಿ ಸುತ್ತಿ ನಾನೇ ಆಸ್ಪತ್ರೆಗೆ ಓಡುವುದೆಂದು ಮನಸ್ಸು ಆಗಲೇ ಮೆಟ್ಟಿಲಿಳಿಯುತ್ತಿತ್ತು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಎರಡೂ ಕೈಗಳನ್ನು ಆ ಉಬ್ಬಿನ ಮೇಲೆ ಅಡ್ಡಹಾಕಿದಳು.

"ಕೊಡೂದಿಲ್ಲ."

ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಒರಟಾಗಿತ್ತು, ಬಹಳ ದಿನ ಬಳಸದೆ ಇಟ್ಟ ದನಿ.

"ನೋಡಿ ಕೊಡ್ತೇನಲ್ಲ…"

"ಯಾರಿಗೂ ಕೊಡೂದಿಲ್ಲ. ನೀವು ತಗೊಂಡಿದ್ದು ನಿಮ್ದು ಅತ್ತೀದು ವ್ಯಾಪಾರ. ನಾ ಮಾರಿಲ್ಲ."

ಗ್ಯಾಲರಿಯಲ್ಲಿ ನಿಂತಿದ್ದ ನನ್ನ ಗಂಡ ಸದ್ದಿಲ್ಲದೆ ಹೋಟೆಲಿನ ಕಡೆ ಹೊರಟುಹೋದರು. ನಾನು ಕೈಯನ್ನು ಒಂದು ಸಲ ಒಲೆಯ ಮೇಲೆ ಹಿಡಿದು ಬೆಚ್ಚಗೆ ಮಾಡಿಕೊಂಡು, ಬಿಚ್ಚಬೇಡ, ಕಾಲು ಮಾತ್ರ ಮುಟ್ಟುತ್ತೇನೆ ಎಂದೆ. ಅವಳು ಅಷ್ಟಕ್ಕೆ ಒಪ್ಪಿದಳು. ಪ್ಲಾಸ್ಟಿಕ್ಕಿನ ಕೆಳಗೆ, ಸೀರೆಯ ಕೆಳಗೆ ಕೈ ಜಾರಿಸಿದೆ. ಹೊರಗೆ ಎಲ್ಲ ತೊಪ್ಪೆ, ಒಳಗೆ ಒಂದು ಹನಿ ನೀರಿಲ್ಲ. ಬೆರಳಿನ ಹಿಂಬದಿಗೆ ಅಂಗಾಲು ತಾಗಿತು. ಬಿಸಿ. ಹುಣಿಸೆ ಬೀಜದಷ್ಟಿದ್ದ ಹೆಬ್ಬೆರಳು ನನ್ನ ಬೆರಳನ್ನು ಒದ್ದಿತು.

"ಬೆಚ್ಚಗೆ ಉಂಟು ಅಜ್ಜಿ" ಎಂದೆ. ಹೇಳುವಾಗಲೇ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಅಜ್ಜಿ ಕೂತಲ್ಲಿಂದಲೇ ಹೇಳಿದಳು. "ಕುರ್ಲಾ ಹಂತೇಲಿ ಮೊಳಕಾಲ ಮಟಾ ನೀರು. ನಡಕ್ಕೊಂತ ನಡಕ್ಕೊಂತ ಈಕಿ ಒಮ್ಮಿಗೇ ನಿಂತ್ಬಿಟ್ಳು. ಯಾಕಬೇ ಅಂದೆ. ಎಳೀಲಿಕ್ಕತ್ಯಾನ ಅತ್ತಿ ಅಂದ್ಳು. ಅಲ್ಲೇ ನಿಂತ್ವಿ ನೋಡ್ರಿ, ನೀರಾಗ. ಮಂದಿ ಬೈಕೋತ ಹೋದ್ರು. ಅಂವ ಕುಡದು ಮುಗಸೂ ತನಕಾ ಒಂದು ಹೆಜ್ಜಿ ಇಡ್ಲಿಲ್ಲ ಈಕಿ."

ಊರಿಗೆ ಊರೇ ನಿಂತುಹೋದ ಆ ಮಳೆಯಲ್ಲಿ, ಸಾವಿರಾರು ಜನ ನುಗ್ಗಿ ಮನೆಗೆ ಓಡುವ ಹಳಿಗಳ ನಡುವೆ, ಒಬ್ಬ ಹುಡುಗಿ ಕೊಳಕು ನೀರಿನಲ್ಲಿ ಕಂಬದ ಹಾಗೆ ನಿಂತು ಹಾಲು ಕುಡಿಸಿದ್ದಳು. ತಣ್ಣಗಾಗಿದ್ದ ಕೂಸನ್ನು ದಾರಿಯುದ್ದಕ್ಕೂ ತನ್ನ ಮೈಯಿಂದಲೇ ಕಾಯಿಸಿ ತಂದಿದ್ದಳು. ಎದೆಗೆ ಕಟ್ಟಿ ಎಂದು ನಾನು ಎಷ್ಟೋ ಮನೆಗಳಲ್ಲಿ ಹೇಳಿದ್ದೆ, ಬೊಂಬೆಯನ್ನು ಕಟ್ಟಿ ತೋರಿಸಿದ್ದೆ. ಹೇಳುತ್ತಿದ್ದದ್ದು ಎಂಥ ದೊಡ್ಡ ಮಾತು ಎಂದು ಗೊತ್ತಾದದ್ದು ಅವತ್ತು. ನನಗೆ ಅವಳ ಕಾಲು ಮುಟ್ಟಬೇಕು ಅನ್ನಿಸಿತು. ನನಗಿಂತ ಅಷ್ಟು ಚಿಕ್ಕವಳು, ಮುಟ್ಟಲಿಲ್ಲ. ಬಿಸಿನೀರು ತಂದು ಕೆಸರು ತೊಳೆಯುವ ನೆಪದಲ್ಲಿ ಮುಟ್ಟಿದೆ.

"ನೋಡ್ರಿ ಮಾಲಕೀನ್" ಎಂದಳು ಅಜ್ಜಿ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಕೀಟಲೆ. "ನಿಮ್ಮ ಕೂಸು ಕಳುವಾತು. ಕಳ್ಳಿ ಮನ್ಯಾಗೇ ಇದ್ದಳು."

ಮಳೆ ನಿಂತ ಮೇಲೆ ಡಾಕ್ಟರಮ್ಮ ಕೂಸನ್ನು ಪೂರ್ತಿಯಾಗಿ ನೋಡಿದರು, ಒಂದು ರಾತ್ರಿ ಆಸ್ಪತ್ರೆಯಲ್ಲೂ ಇರಿಸಿಕೊಂಡರು. ಅಲ್ಲಿ ಯಾರ ಕೂಸು ಎಂದು ಕೇಳಿದಾಗ ಉತ್ತರ ಕೊಟ್ಟದ್ದು ಸೊಸೆ. ಕೂಸು ಉಳಿಯಿತು. ಆದರೆ ನನ್ನ ನೆನಪಿನಲ್ಲಿ ಉಳಿದದ್ದು ಅದಕ್ಕೂ ಮೊದಲಿನ, ಆ ಮಳೆಯ ದಿನದ ಸಂಜೆ.

ಹೋಟೆಲಿನಿಂದ ನನ್ನ ಗಂಡ ಇಡ್ಲಿ, ಬಿಸಿ ಸಾಂಬಾರು, ಚಹಾ ಕಳಿಸಿದ್ದರು. ನನ್ನ ಒಣ ಸೀರೆ ಕೊಟ್ಟರೆ ಹುಡುಗಿ ಕೂಸನ್ನು ಇಳಿಸದೆ, ಬಿಚ್ಚದೆ, ಅದು ಹೇಗೋ ಉಟ್ಟುಕೊಂಡಳು. ಎಡಗೈಯಲ್ಲಿ ಎದೆಯ ಗಂಟು ಹಿಡಿದು ಬಲಗೈಯಲ್ಲಿ ಉಣ್ಣತೊಡಗಿದಳು. ಒಂದು ತುತ್ತು ಬಾಯಿಗಿಡುವ ಮೊದಲು ಕೈ ತಡೆದು, ಸೆರಗಿನ ಅಂಚನ್ನು ಬೆರಳಿನಿಂದ ಸರಿಸಿ, ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು.

"ಬಾಯಾರ" ಎಂದಳು, ತಲೆಯೆತ್ತದೆ. "ಇಂವ ಮಾರಿ ಗುರ್ತ ಹಿಡದು ನಗೂದು ಯಾವಾಗ?"

ಇದು ನಮಗೆ ಗೊತ್ತಿದ್ದ ಸಂಗತಿ, ಮನೆಮನೆಯಲ್ಲಿ ಹೇಳುತ್ತಿದ್ದದ್ದು. ಇವನು ಬೇಗ ಬಂದವನಲ್ಲವಾ, ಸ್ವಲ್ಪ ತಡವಾಗಬಹುದು, ಎರಡು ಮೂರು ತಿಂಗಳಿಗೆ ನಿನ್ನ ಮುಖ ನೋಡಿ ನಗುತ್ತಾನೆ ಎಂದೆ.

ಅವಳು ಮನಸ್ಸಿನಲ್ಲೇ ಎಣಿಸಿದಳು. "ಹಂಗಾರ ದೀವಳಗಿಗಿ ನಗ್ತಾನ."

ಹೆಸರು ಕೂಡ ಇಡಬಾರದೆಂದಿದ್ದ, ನಾಳೆಯ ಮಾತೆತ್ತಿದರೆ ಬಾಯಿ ಮುಚ್ಚಿಸುತ್ತಿದ್ದ ಅಜ್ಜಿ ಅವಳನ್ನು ತಡೆಯಲಿಲ್ಲ. ತನ್ನ ತಟ್ಟೆಯ ಇಡ್ಲಿಯೊಂದನ್ನು ತೆಗೆದು ಸೊಸೆಯ ತಟ್ಟೆಗೆ ಹಾಕಿದಳು.